ಅವ್ವನ ಸೀರೆಯಲ್ಲಿ ಕೌದಿ ಹೊಲಿಯಲು ಕೂತೆ, ನೆಮ್ಮದಿಯ ಬದಲು ಕುತ್ತಿಗೆ ನೋವು ಬಂತು

ಪ್ರಶ್ನೆ: ನಮಸ್ಕಾರ ಅಕ್ಕಾ. ನನ್ನ ತವರು ಬಾಗಲಕೋಟೆ ಕಡೆ, ಇರುವುದು ಬೆಂಗಳೂರಿನಲ್ಲಿ. ಹೋದ ವರ್ಷ ಅವ್ವ ತೀರಿಕೊಂಡಳು. ಅವಳ ಟ್ರಂಕಿನಲ್ಲಿದ್ದ ಹನ್ನೊಂದು ಸೀರೆ ತಂದಿಟ್ಟುಕೊಂಡಿದ್ದೇನೆ. ಕೈಯಲ್ಲೇ ಕೌದಿ ಹೊಲಿ, ಮನಸ್ಸು ಹಗುರಾಗುತ್ತದೆ ಅಂತ ಎಲ್ಲರೂ ಹೇಳಿದ್ದಕ್ಕೆ ಎರಡು ತಿಂಗಳ ಹಿಂದೆ ಡಬಲ್ ಬೆಡ್ ಅಳತೆಯದು ಶುರು ಮಾಡಿದೆ. ಹೊಲಿಗೆ ಸೊಟ್ಟ ಹೋಗುತ್ತದೆ, ಮೂರು ಸಲ ಬಿಚ್ಚಿದ್ದೇನೆ. ಬೆರಳು ನೋವು, ಕುತ್ತಿಗೆ ನೋವು. ಮಷಿನ್‌ನಲ್ಲಾದರೆ ಒಂದೆರಡು ದಿನದ ಕೆಲಸ ಅಂತಾರೆ ಮನೆಯವರು. ಹಗುರಾಗುವುದಿರಲಿ, ಮೂಲೆಯಲ್ಲಿ ಮಡಚಿಟ್ಟ ಅದನ್ನು ನೋಡಿದರೇ ಎದೆ ಭಾರವಾಗುತ್ತದೆ. ನಾನು ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಒಂದು ಲೆಕ್ಕ ಮಾಡೋಣ. ನಿಮ್ಮ ಕೌದಿ ಎರಡೂವರೆ ಮೀಟರ್ ಉದ್ದ, ಎರಡೂಕಾಲು ಮೀಟರ್ ಅಗಲ ಅಂತಿಟ್ಟುಕೊಳ್ಳಿ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಬೆರಳಗಲ, ಅಂದರೆ ಸುಮಾರು ಒಂದೂವರೆ ಸೆಂಟಿಮೀಟರ್ ಜಾಗ ಬಿಟ್ಟರೂ ಒಟ್ಟು 375 ಮೀಟರ್ ಹೊಲಿಗೆ ಬೀಳುತ್ತದೆ. ಹೊಸ ಕೈ ತಾಸಿಗೆ ಎರಡು ಮೀಟರ್ ಹೊಲಿದರೆ ಅದೇ ಹೆಚ್ಚು. ದಿನಾ ಅರ್ಧ ತಾಸು ಕೂತರೂ ನಿಮಗೆ ಒಂದು ವರ್ಷದ ಮೇಲೆ ಹತ್ತು ದಿನ ಬೇಕು. ನೀವು ಎರಡೇ ತಿಂಗಳಿಗೆ ನಿಮ್ಮನ್ನು ತಪ್ಪಿತಸ್ಥೆ ಮಾಡಿಕೊಂಡಿದ್ದೀರಿ, ಅದರಲ್ಲೂ ಮೂರು ಸಲ ಬಿಚ್ಚಿದ್ದೀರಿ. ಎದೆ ಭಾರವಾಗದೆ ಇನ್ನೇನಾದೀತು ತಾಯಿ?

ನಮ್ಮೂರ ಕಡೆ ಕೌದಿಯನ್ನು ಯಾರೂ ಹೀಗೆ ಹೊಲಿದವರಲ್ಲ. ಸುಗ್ಗಿ ಮುಗಿದು, ಕಾಳುಕಡಿ ಒಳಗೆ ಬಿದ್ದ ಮೇಲೆ ಬಿಸಿಲುಗಾಲದ ಮಧ್ಯಾಹ್ನ ಪಡಸಾಲೆಯಲ್ಲಿ ಹಾಸುತ್ತಿದ್ದರು. ನಾಲ್ಕು ಸಾಲು ಹಾಕುವಷ್ಟರಲ್ಲಿ ಕೂಸು ಅಳುತ್ತಿತ್ತು, ಎದ್ದು ಹೋಗುತ್ತಿದ್ದರು. ಪಕ್ಕದ ಮನೆಯವಳು ಮಾತಾಡಿಸಲು ಬಂದವಳು ತಾನೇ ಸೂಜಿ ಎತ್ತಿಕೊಂಡು ಒಂದು ಮೂಲೆ ಮುಂದುವರಿಸುತ್ತಿದ್ದಳು. ಎಲ್ಲಿ ಬಿಟ್ಟರೂ ಕೆಡದ, ಎಲ್ಲಿಂದ ಹಿಡಿದರೂ ಮುಂದುವರಿಯುವ ಕೆಲಸ ಅದು. ಸಾರು ಒಲೆ ಮೇಲಿಟ್ಟು ಬಿಟ್ಟು ಹೋಗಲಾಗದು, ರೊಟ್ಟಿ ಬಡಿಯುತ್ತ ಅರ್ಧಕ್ಕೆ ನಿಲ್ಲಿಸಲಾಗದು. ಹೆಂಗಸರ ದಿನದಲ್ಲಿ ಅರ್ಧಕ್ಕೆ ಬಿಟ್ಟರೂ ಯಾರೂ ಬೈಯದ ಕೆಲಸ ಇದೊಂದೇ ಇತ್ತೋ ಏನೋ. ನೆಮ್ಮದಿ ಇದ್ದದ್ದು ಅಲ್ಲಿ. ನೀವು ಅದಕ್ಕೆ ಗಡುವು ಹಾಕಿದ್ದೀರಿ.

ಆದ್ದರಿಂದ ಆ ದೊಡ್ಡದನ್ನು ಬಿಚ್ಚಲೂ ಬೇಡಿ, ಹೊಲಿಯಲೂ ಬೇಡಿ. ಹಳೆಯ ದಿಂಬಿನ ಚೀಲದಲ್ಲಿ ಸುತ್ತಿ ಕಪಾಟಿನಲ್ಲಿಡಿ, ಕಣ್ಣಿಗೆ ಬೀಳದಂತೆ. ಈಗ ತೊಟ್ಟಿಲಿಗೆ ಹಾಸುವಂಥ ಪುಟ್ಟದೊಂದು ಶುರು ಮಾಡಿ: 90 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ. ಇದಕ್ಕೆ ಬೀಳುವುದು 36 ಮೀಟರ್ ಹೊಲಿಗೆ, ಸುಮಾರು 50 ಮೀಟರ್ ದಾರ, ಒಟ್ಟು ಹದಿನೆಂಟು ತಾಸು. ದಿನಕ್ಕೆ ಅರ್ಧ ತಾಸಿನಂತೆ ಐದಾರು ವಾರ. ತೊಡೆಯ ಮೇಲೆ ಕೂರುವಷ್ಟು ಸಣ್ಣದು, ಬಾಣಂತಿಗೆ ಉಡುಗೊರೆ ಕೊಡುವಷ್ಟು ಚಂದದ್ದು.

ಇನ್ನು ಸೀರೆಗಳ ವಿಷಯ. ಹನ್ನೊಂದರಲ್ಲಿ ಯಾವುದನ್ನು ಮೊದಲು ಕತ್ತರಿಸಬೇಕು ಅಂತ ನೀವು ಕೇಳಿಲ್ಲ, ಆದರೆ ಕೈ ಬಿಗಿಯಾಗಲು ಅದೇ ಅರ್ಧ ಕಾರಣ ಅಂತ ನನಗನ್ನಿಸುತ್ತದೆ. ನನ್ನ ಅವ್ವ ಹೋದಾಗ ನಾನೂ ಅವಳ ಮೆಚ್ಚಿನ ಸೀರೆಯನ್ನೇ ಮೊದಲು ಹಿಡಿದೆ. ಪ್ರತಿ ಹೊಲಿಗೆಗೂ ಅದು ಹಾಳಾದೀತು ಎಂಬ ಭಯ. ಎಂಟು ದಿನ ಬಿಟ್ಟು ಅದನ್ನು ಎತ್ತಿಟ್ಟೆ, ಅವಳು ಮನೆಗೆಲಸಕ್ಕೆ ಉಡುತ್ತಿದ್ದ ಹಳೆಯದೊಂದನ್ನು ತೆಗೆದೆ. ಆ ಸೀರೆಯಲ್ಲಿ ಹಿಟ್ಟಿನ ಕೈ ಒರೆಸಿದ ಗುರುತಿತ್ತು, ಒಲೆಯ ಕಿಡಿ ಹಾರಿದ ತೂತಿತ್ತು. ಅದರ ಮೇಲೆ ಸೂಜಿ ಹೆದರದೆ ಓಡಿತು. ನೀವೂ ಹಾಗೇ ಮಾಡಿ. ಲಗ್ನದ ಸೀರೆ, ಹಬ್ಬದ ಸೀರೆ ಹಾಗೇ ಇರಲಿ. ದಿನಾ ಉಟ್ಟದ್ದನ್ನು ತೆಗೆಯಿರಿ.

ಅದಕ್ಕೆ ಬರೀ ಭಾವನೆಯ ಕಾರಣವಲ್ಲ, ಅರಿವೆಯ ಕಾರಣವೂ ಇದೆ. ನೂರಾರು ಸಲ ಒಗೆದ ನೂಲಿನ ಸೀರೆಯಲ್ಲಿ ಗಂಜಿ ಉಳಿದಿರುವುದಿಲ್ಲ, ಕುಗ್ಗುವುದೆಲ್ಲ ಕುಗ್ಗಿ ಆಗಿರುತ್ತದೆ, ಎಳೆ ಮೆತ್ತಗಾಗಿ ಸೂಜಿಗೆ ದಾರಿ ಬಿಡುತ್ತದೆ. ಅಂಗಡಿಯಿಂದ ತಂದ ಹೊಸ ಬಟ್ಟೆಯಲ್ಲಿ ಹೊಲಿದವರಿಗೆ ಬೆರಳು ನೋಯುವುದು ಇದಕ್ಕೇ. ನಿಮ್ಮ ತವರು ಬಾಗಲಕೋಟೆ ಕಡೆಯದಾದ್ದರಿಂದ ಟ್ರಂಕಿನಲ್ಲಿ ಇಳಕಲ್ ಸೀರೆ ಇದ್ದೇ ಇರುತ್ತದೆ. ಅದರ ಒಡಲು ನೂಲಿನದಾಗಿದ್ದರೆ ಕೌದಿಗೆ ಹೇಳಿ ಮಾಡಿಸಿದ್ದು. ಸೆರಗು ರೇಷ್ಮೆಯದು, ಜಾರುತ್ತದೆ, ಹಳತಾದರೆ ಮಡಿಕೆಯಲ್ಲೇ ಸೀಳುತ್ತದೆ. ಅದನ್ನು ಬೇರೆಯಾಗಿಡಿ. ಅಂಚು ಗಟ್ಟಿ, ಕೌದಿಯ ಸುತ್ತಲಿನ ಪಟ್ಟಿಗೆ ಅದೇ ಬೇಕು. ಗುಳೇದಗುಡ್ಡದ ಖಣದ ಕುಪ್ಪಸ ಇದ್ದರೆ ಬಿಡಬೇಡಿ, ಅಂಗೈಯಗಲದ ಖಣದ ಚೂರು ನಾಲ್ಕು ಬಿದ್ದರೆ ಇಡೀ ಕೌದಿ ಎದ್ದು ಕಾಣುತ್ತದೆ.

ಬಟ್ಟೆ ಗಟ್ಟಿಯಿದೆಯೇ ಎಂದು ನೋಡಲು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಜಗ್ಗಿ. ತಡೆದರೆ ಮೇಲ್ಪದರಕ್ಕೆ. ಸರ್ರನೆ ಹರಿದರೆ ಎಸೆಯಬೇಡಿ, ಒಳಪದರಕ್ಕೆ ಹಾಕಿ, ಅಲ್ಲಿ ಅದರ ಮೇಲೆ ಎಳೆತ ಬೀಳುವುದಿಲ್ಲ. ಬಣ್ಣ ಬಿಡುತ್ತದೆಯೇ ಎಂಬುದನ್ನು ಒದ್ದೆ ಬಿಳಿ ಅರಿವೆಯಿಂದ ತಿಕ್ಕಿ ನೋಡಿ. ಕೆಂಪು, ಕಡುನೀಲಿಗಳನ್ನು ನಂಬಬೇಡಿ. ಪದರ ಮೂರು ಸಾಕು. ಹಳ್ಳಿಯಲ್ಲಿ ಆರೇಳು ಪದರ ಹಾಕುವವರ ಬೆರಳು ಬೇರೆ, ನಮ್ಮದು ಬೇರೆ.

ಈಗ ನಿಮ್ಮ ಸೊಟ್ಟ ಹೊಲಿಗೆಗೆ ಬರುತ್ತೇನೆ, ಇದರ ಬಗ್ಗೆ ನನಗೆ ಬಹಳ ಹೇಳುವುದಿದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸುತ್ತ ಸಿದ್ದಿ ಜನ ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ತರಲ್ಪಟ್ಟು, ಅಲ್ಲಿಂದ ಕಾಡು ಸೇರಿದವರ ಸಂತತಿ. ಅವರ ಹೆಣ್ಣುಮಕ್ಕಳು ಹೊಲಿಯುವ ಕವಂದಿಯನ್ನು, ಅಂದರೆ ಅವರ ಕಡೆಯ ಕೌದಿಯನ್ನು, ನೀವು ಒಮ್ಮೆ ನೋಡಬೇಕು. ಹೆನ್ರಿ ಡ್ರೂಯಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಅದನ್ನು ಅಭ್ಯಾಸ ಮಾಡಿ ದಾಖಲಿಸಿದ್ದಾರೆ, ಅಮೆರಿಕದಲ್ಲೂ ಅವು ಪ್ರದರ್ಶನಗೊಂಡಿವೆ. ಈ ಸಿದ್ದಿ ಹೆಣ್ಣುಮಕ್ಕಳು ಅಳತೆಪಟ್ಟಿ ಹಿಡಿಯುವುದಿಲ್ಲ, ಸೀಮೆಸುಣ್ಣದ ಗೆರೆ ಎಳೆಯುವುದಿಲ್ಲ. ಕೆಳಗೆ ಒಂದು ಹಳೆಯ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಚೂರಿನ ಅಂಚನ್ನು ಬೆರಳಲ್ಲೇ ಒಳಕ್ಕೆ ಮಡಚಿ ಹೊಲಿಯುತ್ತ, ಅದರ ತುದಿಯನ್ನು ಮುಚ್ಚುವಂತೆ ಇನ್ನೊಂದು ಚೂರು ಇಟ್ಟು ಮತ್ತೆ ಹೊಲಿಯುತ್ತ ಅಂಚಿನ ಸುತ್ತ ಸಾಗುತ್ತಾರೆ. ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹಾಗೆ ಒಳಗೊಳಗೆ ಬಂದು ನಡುವೆ ಮುಗಿಸುತ್ತಾರೆ. ಚೂರು ಜೋಡಿಸುವುದೂ ಪದರ ಕೂಡಿಸುವುದೂ ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಬಣ್ಣಬಣ್ಣದ ಚೂರನ್ನು ಮಡಚಿದ ಮುಕ್ಕೋನ ಕೂರಿಸುತ್ತಾರೆ. ಅದಕ್ಕೆ ಫೂಲ, ಅಂದರೆ ಹೂವು, ಅಂತ ಹೆಸರು. ಫೂಲ ಇಲ್ಲದ ಕವಂದಿ ಬತ್ತಲೆ ಇದ್ದ ಹಾಗೆ ಅನ್ನುತ್ತಾರೆ.

ಈ ಕವಂದಿಗಳಲ್ಲಿ ಒಂದೇ ಒಂದು ನೇರ ಸಾಲು ಹುಡುಕಿ ನೋಡಿ, ಸಿಗುವುದಿಲ್ಲ. ಒಂದು ಸಾಲು ಬಾಗಿದರೆ ಮುಂದಿನದು ಅದರ ಪಕ್ಕದಲ್ಲೇ ಬಾಗುತ್ತದೆ, ಅದರ ಮುಂದಿನದೂ ಹಾಗೇ. ಹತ್ತು ಸಾಲಾಗುವಷ್ಟರಲ್ಲಿ ಕೆರೆಯ ನೀರಿನ ತೆರೆಯಂತೆ ಆಗಿರುತ್ತದೆ. ನಮ್ಮ ಕಣ್ಣು ಒಂದೊಂದು ಹೊಲಿಗೆ ನೋಡುವುದಿಲ್ಲ, ಸಾಲುಗಳ ನಡುವಿನ ಜಾಗ ನೋಡುತ್ತದೆ. ಆ ಜಾಗ ಹೆಚ್ಚುಕಡಿಮೆ ಒಂದೇ ಇದ್ದರೆ ಸೊಟ್ಟ ಅನ್ನುವ ಮಾತೇ ಬರುವುದಿಲ್ಲ. ನೀವು ಬಿಚ್ಚಿದ ಆ ಮೂರೂ ಸಲ ಹತ್ತೇ ಸಾಲು ತಡೆದಿದ್ದರೆ ನಿಮಗೇ ಗೊತ್ತಾಗುತ್ತಿತ್ತು. ಮೇಲಾಗಿ, ಮೊದಲ ಒಗೆತದಲ್ಲಿ ಅರಿವೆ ನೆರಿಗೆಗಟ್ಟಿ ಹೊಲಿಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಬಿಚ್ಚಿದ ಹೊಲಿಗೆ ಯಾವುದು, ಬಿಟ್ಟ ಹೊಲಿಗೆ ಯಾವುದು ಎಂದು ಹೊಲಿದವಳಿಗೂ ತಿಳಿಯುವುದಿಲ್ಲ.

ಬಿಚ್ಚಲೇಬೇಕಾದ ಸಂದರ್ಭ ಎರಡೇ. ದಾರ ಬಿಗಿಯಾಗಿ ಜಗ್ಗಿ ಅರಿವೆ ಚೀಲದ ಬಾಯಂತೆ ಮುದುಡಿದಾಗ. ಸೂಜಿ ಕೆಳಗಿನ ಪದರಕ್ಕೆ ತಾಗದೆ ಮೇಲಷ್ಟೇ ಓಡಿದಾಗ. ಉಳಿದದ್ದಕ್ಕೆಲ್ಲ ಕತ್ತರಿ ಮುಟ್ಟಬೇಡಿ.

ನಿಮಗೆ ನಾನು ಈ ಸಿದ್ದಿ ಪದ್ಧತಿಯನ್ನೇ ಹೇಳುತ್ತೇನೆ, ಅದೂ ಒಂದು ಕಾರಣಕ್ಕೆ. ಮೊದಲೇ ನಕ್ಷೆ ಬರೆದು, ಚೂರು ಕತ್ತರಿಸಿ, ಎಲ್ಲ ಜೋಡಿಸಿ ಆಮೇಲೆ ಹೊಲಿಯಲು ಕೂತರೆ ತಲೆ ಇಡೀ ಕೌದಿಯನ್ನು ಹೊತ್ತುಕೊಂಡಿರಬೇಕಾಗುತ್ತದೆ. ಇಲ್ಲಿ ತಲೆಗೆ ಒಂದೇ ಪ್ರಶ್ನೆ: ಇದರ ಪಕ್ಕ ಯಾವ ಚೂರು? ಬುಟ್ಟಿಗೆ ಕೈ ಹಾಕುತ್ತೀರಿ, ಹಸಿರೊಂದು ಬರುತ್ತದೆ, ಇಟ್ಟು ನೋಡುತ್ತೀರಿ, ಮನಸ್ಸು ಒಪ್ಪುತ್ತದೆ, ಮಡಚಿ ಹೊಲಿಯುತ್ತೀರಿ. ಇಪ್ಪತ್ತು ನಿಮಿಷ ಬೇರೇನೂ ತೀರ್ಮಾನ ಮಾಡಬೇಕಿಲ್ಲ. ಮನೆ, ಕಚೇರಿ, ಮಕ್ಕಳ ಶಾಲೆ ಎಂದು ದಿನವಿಡೀ ತೀರ್ಮಾನ ಮಾಡಿ ದಣಿದವರಿಗೆ ಇದು ಎಂಥ ಬಿಡುವು ಎಂದು ಹೊಲಿದವರಿಗೇ ಗೊತ್ತು. ಎರಡೂ ಕೈಗೆ ಕೆಲಸ ಇರುವುದರಿಂದ ಫೋನ್ ಎತ್ತಲೂ ಆಗುವುದಿಲ್ಲ ನೋಡಿ.

ಕೈಯ ನೋವಿಗೆ ಕಾರಣ ಸಾಮಾನ್ಯವಾಗಿ ಸೂಜಿಯನ್ನು ಚಿವುಟಿ ಹಿಡಿಯುವುದು. ಹೊಸಬರು ಒಂದು ಹೊಲಿಗೆ ಹಾಕಿ ಸೂಜಿ ಎಳೆದು, ಮತ್ತೊಂದು ಹಾಕಿ ಎಳೆಯುತ್ತಾರೆ. ಹಾಗಲ್ಲ. ಸೂಜಿಯನ್ನು ಸಡಿಲವಾಗಿ ಹಿಡಿದು, ಎಡಗೈಯಿಂದ ಅರಿವೆಯನ್ನೇ ಮೇಲೆ ಕೆಳಗೆ ಆಡಿಸಿ. ಸೂಜಿ ನಿಂತ ಹಾಗಿರಲಿ, ಅರಿವೆ ಅದರ ಮೇಲೆ ಏರಲಿ. ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆ ಕೂತ ಮೇಲೆ ಒಂದೇ ಸಲ ಎಳೆಯಿರಿ. ಎಳೆತ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಳ್ಳುವ ನಡುಬೆರಳಿಗೆ ಅಂಗುಸ್ತಾನ, ಅಂದರೆ ದರ್ಜಿಗಳು ಬೆರಳಿಗೆ ತೊಡುವ ಲೋಹದ ಟೋಪಿ, ಹಾಕಿ. ಎರಡು ದಿನ ಕಿರಿಕಿರಿ ಎನ್ನಿಸುತ್ತದೆ, ಮೂರನೆಯ ದಿನ ಅದಿಲ್ಲದೆ ಕೂರುವುದಿಲ್ಲ. ಸೂಜಿ ಜಾರಿದರೆ ಒಡೆದ ಬಲೂನಿನ ಚೂರಿನಿಂದ ಹಿಡಿದು ಎಳೆಯಿರಿ.

ದಾರ ನೂಲಿನದೇ ಆಗಲಿ. ಪಾಲಿಯೆಸ್ಟರ್ ದಾರ ಗಟ್ಟಿ ಎಂದು ಅಂಗಡಿಯವರು ಕೊಡುತ್ತಾರೆ, ಗಟ್ಟಿಯಾದದ್ದೇ ತೊಂದರೆ. ಜಗ್ಗಿದಾಗ ದಾರ ತುಂಡಾಗುವ ಬದಲು ಹಳೆಯ ಸೀರೆ ಹರಿಯುತ್ತದೆ. ತುಂಡಾದ ದಾರವನ್ನು ಮತ್ತೆ ಹೊಲಿಯಬಹುದು, ಹರಿದ ಸೀರೆಗೆ ಮತ್ತೆ ತ್ಯಾಪಿ ಹಾಕಬೇಕು. ಕಸೂತಿಯ ಆರೆಳೆ ದಾರದಲ್ಲಿ ಮೂರೆಳೆ ತೆಗೆದುಕೊಂಡರೆ ಸಾಕಾಗುತ್ತದೆ. ಒಂದೂವರೆ ಮೊಳಕ್ಕಿಂತ ಉದ್ದ ಪೋಣಿಸಬೇಡಿ. ಪದೇಪದೇ ಪೋಣಿಸುವ ಬೇಸರಕ್ಕೆ ಎರಡು ಮಾರು ಪೋಣಿಸಿದರೆ ಗಂಟು ಬಿಡಿಸುವುದರಲ್ಲೇ ಸಂಜೆ ಕಳೆಯುತ್ತದೆ. ಕೂರುವ ಮೊದಲು ಹತ್ತು ಸೂಜಿಗೆ ಪೋಣಿಸಿ ಒಂದು ದಪ್ಪ ಬಟ್ಟೆಗೆ ಚುಚ್ಚಿಟ್ಟುಕೊಳ್ಳಿ, ಆ ಗೋಳೇ ಇಲ್ಲ. ಎದ್ದೇಳುವಾಗ ಹತ್ತನ್ನೂ ಎಣಿಸಿ. ಮಕ್ಕಳಿರುವ ಮನೆಯಲ್ಲಿ ಇದು ಕಡ್ಡಾಯ.

ಕುತ್ತಿಗೆ ನೋವು ದೊಡ್ಡ ಕೌದಿಯ ಮೇಲೆ ಬಗ್ಗಿದ್ದರಿಂದ ಬಂದದ್ದು. ಊರಲ್ಲಿ ಕೌದಿಯ ಮೇಲೇ ಕೂತು, ಹೊಲಿದಂತೆಲ್ಲ ಜರುಗುತ್ತಾರೆ. ಅದು ನೆಲದ ಮೇಲೆ ಕೂತು ಬೆಳೆದವರ ಮೈಗೆ ಸರಿ. ನೀವು ಕೈಯಿರುವ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಕೆಲಸ ಇಡಿ. ಕೆಲಸ ಕಣ್ಣಿನ ಹತ್ತಿರ ಬರಬೇಕು, ಕಣ್ಣು ಕೆಲಸದ ಹತ್ತಿರ ಹೋಗಬಾರದು. ಬಲಗೈಯವರಾದರೆ ಕಿಟಕಿ ಎಡಕ್ಕಿರಲಿ, ಇಲ್ಲದಿದ್ದರೆ ನಿಮ್ಮ ಕೈಯ ನೆರಳೇ ಹೊಲಿಗೆಯ ಮೇಲೆ ಬೀಳುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ದೂರದ ಮರವೋ ಬೀದಿಯೋ ನೋಡಿ. ಬೆರಳು ಜೋಮು ಹಿಡಿಯುವುದು, ರಾತ್ರಿ ಕೈ ಮರಗಟ್ಟುವುದು ಇದ್ದರೆ ಮಾತ್ರ ಸೂಜಿ ಬದಿಗಿಟ್ಟು ವೈದ್ಯರಿಗೆ ತೋರಿಸಿ.

ಮನೆಯವರು ಮಷಿನ್ ಅನ್ನುತ್ತಾರೆ. ಮಷಿನ್ ಮೇಲೆ ನನಗೆ ಸಿಟ್ಟಿಲ್ಲ. ಬರೀ ಹೊದಿಕೆ ಬೇಕಿದ್ದರೆ ಮಷಿನ್‌ನಲ್ಲೇ ಹೊಲಿಯಿರಿ. ಆದರೆ ಸವೆದ ಸೀರೆಗೆ ಮಷಿನ್ ಹೊಲಿಗೆ ಅಷ್ಟು ಒಗ್ಗುವುದಿಲ್ಲ. ಮೇಲೊಂದು ಕೆಳಗೊಂದು ದಾರ ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯಾಗಿ ಕೂರುತ್ತದೆ, ಸೂಜಿ ಹತ್ತಿರ ಹತ್ತಿರ ಚುಚ್ಚಿದ ಗೆರೆಯುದ್ದಕ್ಕೂ ಬಟ್ಟೆ ಸೀಳಲು ದಾರಿಯಾಗುತ್ತದೆ. ಕೈ ಹೊಲಿಗೆಯ ದಾರಕ್ಕೆ ಒಂದಿಷ್ಟು ಸಡಿಲ ಇರುತ್ತದೆ, ಮಲಗಿದವರು ಹೊರಳಿದರೆ ಅರಿವೆಯ ಜೊತೆ ತಾನೂ ಹೊರಳುತ್ತದೆ. ನಮ್ಮ ಕಡೆ ಗೋಂಧಳಿ ಸಮುದಾಯದ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಕೂಲಿಗೆ ಕೌದಿ ಹೊಲಿದುಕೊಡುತ್ತಾರೆ. ನಿಮ್ಮ ಕಪಾಟಿನ ಆ ದೊಡ್ಡದನ್ನು ಮುಗಿಸಲು ಮನಸ್ಸಾಗದಿದ್ದರೆ ತವರಿಗೆ ಹೋದಾಗ ಅಂಥವರ ಕೈಗೆ ಕೊಡಿ, ಕೊಟ್ಟು ಪಕ್ಕದಲ್ಲಿ ಕೂತು ನೋಡಿ. ಅವರ ಸೂಜಿಯ ಓಟ ನೋಡಿ ಕಲಿತಷ್ಟನ್ನು ನಾನು ಬರೆದು ಹೇಳಿಕೊಡಲಾರೆ. ಅವರು ಕೇಳಿದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ಮೇಲಿನ ತಾಸಿನ ಲೆಕ್ಕ ನೆನಪಿಡಿ.

ಪ್ರಯಾಣದಲ್ಲಿ, ಆಸ್ಪತ್ರೆಯ ಕಾಯುವ ಕುರ್ಚಿಯಲ್ಲಿ ಕೈಗೆ ಏನಾದರೂ ಬೇಕೆಂದರೆ ಚೂರು ಜೋಡಿಸುವ ಇನ್ನೊಂದು ಬಗೆ ಇದೆ, ಇಂಗ್ಲೆಂಡಿನ ಕಡೆಯ ರೂಢಿ. ದಪ್ಪ ಕಾಗದವನ್ನು ಆರು ಮೂಲೆಯ ಆಕಾರಕ್ಕೆ ಕತ್ತರಿಸಿ, ಬಟ್ಟೆಯ ಚೂರನ್ನು ಅದರ ಮೇಲೆ ಮಡಚಿ ಕಚ್ಚಾ ಹೊಲಿಗೆ ಹಾಕುವುದು. ಅಂಥ ಎರಡನ್ನು ಮುಖಕ್ಕೆ ಮುಖ ಇಟ್ಟು ಅಂಚನ್ನಷ್ಟೇ ಸಣ್ಣಗೆ ಹೊಲಿದರೆ ಜೇನುಗೂಡಿನಂತೆ ಬೆಳೆಯುತ್ತ ಹೋಗುತ್ತದೆ. ಒಂದರ ಸುತ್ತಲೂ ಆರು ಕೂಡಿದ ಮೇಲೆ ನಡುವಿನ ಕಾಗದ ತೆಗೆದು ಮತ್ತೆ ಬಳಸಬಹುದು. ನಾನು ಹಳೆಯ ಲಗ್ನಪತ್ರಿಕೆಗಳನ್ನು ಇದಕ್ಕೆ ಕತ್ತರಿಸುತ್ತೇನೆ, ದಪ್ಪ ಸರಿಯಾಗಿರುತ್ತದೆ. ಆದರೆ ಇದು ಅಳತೆಯ ಕೆಲಸ, ಒಂದು ಮೂಲೆ ತಪ್ಪಿದರೆ ಮುಂದಿನದು ಕೂರುವುದಿಲ್ಲ. ಸದ್ಯಕ್ಕೆ ನಿಮಗೆ ಬೇಡ. ಕವಂದಿಯಲ್ಲಿ ಕೈ ಸಡಿಲಾದ ಮೇಲೆ ನೋಡಿ.

ಒಂದು ಮಾತು ಮುಚ್ಚಿಡುವುದಿಲ್ಲ. ಅವ್ವನ ಸೀರೆ ಹಿಡಿದು ಕೂತ ಎಲ್ಲ ದಿನವೂ ಹಗುರವಾಗಿರುವುದಿಲ್ಲ. ಕೆಲವು ಸಲ ಬಟ್ಟೆಯ ವಾಸನೆಗೇ ಕಣ್ಣು ತುಂಬುತ್ತದೆ, ಸೂಜಿ ಕಾಣುವುದಿಲ್ಲ. ಅಂದು ಹೊಲಿಯಬೇಡಿ, ಬರೀ ಮಡಿಲಲ್ಲಿಟ್ಟುಕೊಂಡು ಕೂತುಕೊಳ್ಳಿ. ಅಕ್ಕನೋ ತಂಗಿಯೋ ಊರಲ್ಲಿದ್ದರೆ ಒಂದು ಭಾನುವಾರ ಕರೆಸಿ, ಎರಡು ಕಡೆಯಿಂದ ಇಬ್ಬರೂ ಹಿಡಿಯಿರಿ. ಈ ಸೀರೆ ಯಾವ ಜಾತ್ರೆಯಲ್ಲಿ ಕೊಂಡದ್ದು, ಇದನ್ನುಟ್ಟು ಯಾರ ಮದುವೆಗೆ ಹೋಗಿದ್ದಳು ಎಂದು ಮಾತು ತಾನಾಗಿ ಬರುತ್ತದೆ. ಎದುರುಬದುರು ಕೂತು ಆಡಲಾಗದ ಮಾತು ಕಣ್ಣು ಸೂಜಿಯ ಮೇಲಿದ್ದಾಗ ಸಲೀಸಾಗಿ ಬರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅಕ್ಕನೋ ತಂಗಿಯೋ ಹಾಕಿದ ಹೊಲಿಗೆ ನಿಮ್ಮದಕ್ಕಿಂತ ದೊಡ್ಡದಿದ್ದರೆ ಹಾಗೇ ಬಿಡಿ. ಮುಂದೆ ಯಾರಾದರೂ ನೋಡಿ, ಇದು ದೊಡ್ಡವ್ವನ ಕೈ, ಇದು ಚಿಕ್ಕವ್ವನ ಕೈ ಎಂದು ಗುರುತು ಹಿಡಿಯುತ್ತಾರೆ.

ಮುಗಿದ ಮೇಲೆ ಒಗೆಯುವ ಬಗ್ಗೆ. ಊರಲ್ಲಿ ಮಾನವಮಿಯ ಮುಂದೆ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೆ ಒಯ್ದು ಬಂಡೆಗೆ ಬಡಿದು ಒಗೆಯುತ್ತಿದ್ದರು. ನಿಮ್ಮ ಪುಟ್ಟ ಕೌದಿಗೆ ಬಕೆಟ್ಟಿನ ತಣ್ಣೀರು ಸಾಕು. ಅಂಟುವಾಳದ ನೀರಿನಲ್ಲಿ ಕಾಲು ತಾಸು ನೆನೆಸಿ, ಹಿಂಡದೆ ಅಂಗೈಯಲ್ಲಿ ಒತ್ತಿ ನೀರು ತೆಗೆಯಿರಿ. ಒದ್ದೆ ಕೌದಿಯ ತೂಕವೆಲ್ಲ ಒಂದೇ ಗೆರೆಯ ಮೇಲೆ ಬಿದ್ದರೆ ದಾರ ಕಡಿಯುತ್ತದೆ, ಅದಕ್ಕೆ ಒಂದು ಹಗ್ಗದ ಬದಲು ಎರಡು ಹಗ್ಗಕ್ಕೆ ಹರವಿ, ನೆರಳಿನಲ್ಲಿ ಒಣಗಿಸಿ. ಒಣಗಿದ ಮೇಲೆ ಇಸ್ತ್ರಿ ಹಾಕಬೇಡಿ, ಆ ನೆರಿಗೆ ಹಾಗೇ ಇರಲಿ.